ಮೈದಾನಕ್ಕಾಗಿ ಚುನಾವಣೆಗೆ ನಿಂತ ಅಭಿಮಾನಿಗಳು

(ಈ ವಾರದ ಸಂಚಿಕೆಯ ಅಕ್ಷರ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಕಥೆ ಒಂದು ಕರಪತ್ರದಿಂದ ಶುರುವಾಗುತ್ತೆ.

1985ರ ಸೆಪ್ಟೆಂಬರ್ 7, ಶನಿವಾರ. ಆಗ್ನೇಯ ಲಂಡನ್ನಿನ ಚಾರ್ಲ್ಟನ್ ಅನ್ನೋ ಬಡಾವಣೆ. ಚಾರ್ಲ್ಟನ್ ಅಥ್ಲೆಟಿಕ್ ಕ್ಲಬ್ಬಿನ ಮ್ಯಾಚ್ ನೋಡೋಕೆ ಬಂದ ಜನರ ಕೈಗೆ ಒಂದು ಚೀಟಿ ಸಿಗುತ್ತೆ. ಅದರ ಸಾರಾಂಶ ಇಷ್ಟೇ: ಇನ್ನು ಮೇಲೆ ನಾವು ಈ ಮೈದಾನದಲ್ಲಿ ಆಡಲ್ಲ, ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನ ಸೆಲ್‌ಹರ್ಸ್ಟ್ ಪಾರ್ಕಿಗೆ ಹೋಗ್ತಿದ್ದೀವಿ. ತಮಾಷೆ ಏನಪ್ಪಾ ಅಂದ್ರೆ, ಅವತ್ತಿನ ಎದುರಾಳಿ ತಂಡವೂ ಅದೇ ಕ್ರಿಸ್ಟಲ್ ಪ್ಯಾಲೇಸ್! ಯಾರನ್ನ ಸೋಲಿಸಬೇಕು ಅಂತ ಕೂಗೋಕೆ ಬಂದಿದ್ರೋ, ಅವರ ಮನೆಯಲ್ಲೇ ಬಾಡಿಗೆಗೆ ಇರಬೇಕು ಅನ್ನೋ ಸುದ್ದಿ ಓದಿಕೊಂಡು ಜನ ಒಳಗೆ ಹೋದರು.

ಎರಡು ವಾರ ಕಳೀತು. ಸೆಪ್ಟೆಂಬರ್ 21ರಂದು ಸ್ಟೋಕ್ ಸಿಟಿ ವಿರುದ್ಧ ಕೊನೇ ಮ್ಯಾಚ್. ಚಾರ್ಲ್ಟನ್ 2-0ರಲ್ಲಿ ಗೆದ್ದಿತು. ಗೇಟು ಮುಚ್ಚಿತು.

ಇಲ್ಲಿಂದ ಮುಂದೆ ಏಳು ವರ್ಷ ಆ ಅಭಿಮಾನಿಗಳು ಏನು ಮಾಡಿದರು ಅನ್ನೋದೇ ಇವತ್ತಿನ ಸಂಚಿಕೆ. ಅದಕ್ಕೆ ಮೊದಲು ಆ ಮೈದಾನ ಅಂದ್ರೆ ಏನು ಅಂತ ತಿಳ್ಕೋಬೇಕು.

ಚಾರ್ಲ್ಟನ್ ಕ್ಲಬ್ ಹುಟ್ಟಿದ್ದು 1905ರಲ್ಲಿ. ಕಟ್ಟಿದ್ದು ಯಾವ ಉದ್ಯಮಿಯೂ ಅಲ್ಲ. ಥೇಮ್ಸ್ ನದಿ ಪಕ್ಕದ ಬೀದಿಗಳ ಹದಿಹರೆಯದ ಹುಡುಗರು. 1919ರಲ್ಲಿ ಅವರಿಗೆ ಒಂದು ಜಾಗ ಸಿಕ್ತು. ಜಾಗ ಅಂದ್ರೆ, ಮರಳು ಮತ್ತು ಸುಣ್ಣಕಲ್ಲು ತೆಗೆದು ಹಾಗೇ ಬಿಟ್ಟುಹೋದ ಒಂದು ದೊಡ್ಡ ಹಳ್ಳ. ಊರಿನ ಸ್ವಯಂಸೇವಕರು ಗುದ್ದಲಿ ಹಿಡಿದು ತಳವನ್ನ ಸಮ ಮಾಡಿದರು, ಅಗೆದ ಮಣ್ಣನ್ನ ಸುತ್ತ ಏರಿಸಿ ನಿಂತು ನೋಡೋ ದಿಬ್ಬ ಮಾಡಿದರು. ಹಳ್ಳದಲ್ಲಿರೋ ಮೈದಾನ ಆದ್ದರಿಂದ ಅದರ ಹೆಸರೇ 'ದಿ ವ್ಯಾಲಿ', ಕಣಿವೆ.

1923ರಲ್ಲಿ ಕ್ಲಬ್‌ನವರಿಗೆ ಒಂದು ಆಸೆ ಹುಟ್ಟಿತು. ಹತ್ತಿರದ ಕ್ಯಾಟ್‌ಫರ್ಡ್‌ಗೆ ಹೋದರೆ ಹೆಚ್ಚು ಜನ ಬರ್ತಾರೆ ಅಂತ ಲೆಕ್ಕ ಹಾಕಿ ಗಂಟುಮೂಟೆ ಕಟ್ಟಿದರು. ಜನ ಬರಲಿಲ್ಲ. 1924ರಲ್ಲಿ ವಾಪಸ್ ಬಂದರು. ಅಂದ್ರೆ ಜಾಗ ಬದಲಾಯಿಸಿದರೆ ಅಭಿಮಾನಿಗಳೂ ಸಾಮಾನಿನ ಜೊತೆ ಬಂದುಬಿಡ್ತಾರೆ ಅನ್ನೋ ಲೆಕ್ಕ ಆವಾಗಲೇ ಒಂದು ಸಲ ತಪ್ಪಾಗಿತ್ತು.

ಆಮೇಲೆ ಒಳ್ಳೇ ಕಾಲ ಬಂತು. 1938ರ ಫೆಬ್ರವರಿ 12ರಂದು ಆಸ್ಟನ್ ವಿಲ್ಲಾ ವಿರುದ್ಧದ ಎಫ್‌ಎ ಕಪ್ ಪಂದ್ಯಕ್ಕೆ ಬಂದಿದ್ದವರು 75,031 ಜನ. 1947ರಲ್ಲಿ ಕ್ಲಬ್ ಎಫ್‌ಎ ಕಪ್ ಗೆದ್ದಿತು. ಪೂರ್ವ ದಿಕ್ಕಿನ ದಿಬ್ಬ, ಅಂದ್ರೆ ಈಸ್ಟ್ ಟೆರೇಸ್, ಇಡೀ ಬ್ರಿಟನ್ನಿನ ದೊಡ್ಡ ಟೆರೇಸ್‌ಗಳಲ್ಲಿ ಒಂದು. ಅಪ್ಪ ಎಲ್ಲಿ ನಿಲ್ತಿದ್ದನೋ ಮಗನೂ ಅಲ್ಲೇ ನಿಲ್ತಿದ್ದ.

ಹಾಗಾದ್ರೆ ಬಿಟ್ಟು ಹೋಗಿದ್ದು ಯಾಕೆ?

ಇಲ್ಲಿ ಕಥೆ ಸ್ವಲ್ಪ ಸಿಕ್ಕುಸಿಕ್ಕಾಗಿದೆ, ಗಮನ ಕೊಟ್ಟು ಕೇಳಿ. 1984ರಲ್ಲಿ ಸಾಲದಿಂದ ಕ್ಲಬ್ ಇನ್ನೇನು ಮುಚ್ಚೇ ಹೋಗೋದರಲ್ಲಿತ್ತು. ಹೊಸಬರು ಬಂದು ಉಳಿಸಿದರು. ಆದರೆ ಅವರ ಕೈಗೆ ಬಂದಿದ್ದು ಕ್ಲಬ್ ಮಾತ್ರ; ನೆಲ ಹಳೇ ಮಾಲೀಕರ ಹತ್ತಿರವೇ ಉಳೀತು. ತಂಡ ಒಬ್ಬರದ್ದು, ತಂಡದ ಕಾಲ ಕೆಳಗಿನ ಹುಲ್ಲು ಇನ್ನೊಬ್ಬರದ್ದು. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೆ.

1985ರ ಮೇ 11ರಂದು ಬ್ರಾಡ್‌ಫರ್ಡ್ ಸಿಟಿ ಮೈದಾನದ ಮರದ ಸ್ಟ್ಯಾಂಡಿಗೆ ಬೆಂಕಿ ಬಿದ್ದು 56 ಜನ ಸತ್ತರು. ದೇಶದ ಎಲ್ಲಾ ಹಳೇ ಮೈದಾನಗಳ ಮೇಲೆ ಅಧಿಕಾರಿಗಳ ಕಣ್ಣು ಬಿತ್ತು. ವ್ಯಾಲಿಯ ಈಸ್ಟ್ ಟೆರೇಸ್ ಸುರಕ್ಷಿತ ಅಲ್ಲ ಅಂತ ಮುಚ್ಚಿಸಿದರು. ಅದೇ ಹೊತ್ತಿಗೆ ಪಶ್ಚಿಮದ ಸ್ಟ್ಯಾಂಡ್ ಹಿಂದಿನ ಜಾಗ ತನಗೆ ಬೇಕು ಅಂತ ಹಳೇ ಮಾಲೀಕರು ಕೇಳಿದರು. ಒಂದು ಕಡೆ ರಿಪೇರಿ ಖರ್ಚು, ಇನ್ನೊಂದು ಕಡೆ ನೆಲದ ಜಗಳ. ಕ್ಲಬ್‌ನವರು ಬಾಡಿಗೆ ಮನೆ ದಾರಿ ಹಿಡಿದರು.

ನ್ಯಾಯವಾಗಿ ಹೇಳಬೇಕು ಅಂದ್ರೆ, ಅವರು ಹೇಳಿದ ಕಾರಣಗಳು ಸುಳ್ಳಲ್ಲ. ಕಾಂಕ್ರೀಟ್ ನಿಜವಾಗಿಯೂ ಬಿರುಕು ಬಿಟ್ಟಿತ್ತು. ದುಡ್ಡು ನಿಜವಾಗಿಯೂ ಇರಲಿಲ್ಲ. ಅಭಿಮಾನಿಗಳ ಸಿಟ್ಟು ಇದ್ದಿದ್ದು ಬೇರೆ ಕಡೆ. ನಮ್ಮನ್ನ ಒಂದು ಮಾತು ಕೇಳಲಿಲ್ಲ, ಚೀಟಿ ಕೊಟ್ಟು ಕಳಿಸಿದರು ಅನ್ನೋದು ಅವರ ನೋವು.

ಸೆಲ್‌ಹರ್ಸ್ಟ್ ಪಾರ್ಕ್ ಚಾರ್ಲ್ಟನ್‌ನಿಂದ ನೇರ ಗೆರೆ ಎಳೆದರೆ ಸುಮಾರು 13 ಕಿಲೋಮೀಟರ್. ಅದೇನು ಮಹಾ ದೂರ ಅನ್ನಿಸಬಹುದು. ಆದರೆ ದಕ್ಷಿಣ ಲಂಡನ್ನಿನಲ್ಲಿ ರೈಲುಗಳೆಲ್ಲ ನಗರದ ಮಧ್ಯಕ್ಕೆ ಓಡ್ತವೆ, ಅಡ್ಡಡ್ಡ ಹೋಗೋದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ಅದು ಬೇರೆಯವರ ಮನೆ.

ಈಗ ಅಭಿಮಾನಿಗಳ ನಡುವೆಯೇ ವಾದ ಹತ್ತಿಕೊಳ್ತು. ಒಬ್ಬರು ಅಂದರು, ತಂಡ ಎಲ್ಲಿದೆಯೋ ಅಲ್ಲೇ ನಾವು; ನಾವೂ ಬಿಟ್ಟರೆ ಕ್ಲಬ್ ಸಾಯುತ್ತೆ. ಇನ್ನೊಬ್ಬರು ಅಂದರು, ನಾವು ಟಿಕೆಟ್ ಕೊಂಡು ಹೋದರೆ ಈ ನಿರ್ಧಾರಕ್ಕೆ ಒಪ್ಪಿಗೆ ಕೊಟ್ಟ ಹಾಗೆ, ಒಂದು ಮ್ಯಾಚಿಗೂ ಕಾಲಿಡಲ್ಲ. ಒಂದೇ ಮನೆಯಲ್ಲಿ ಹೀಗೆ ಎರಡು ಪಕ್ಷ ಇದ್ದರೆ ಶನಿವಾರದ ಊಟ ಹೇಗಿರುತ್ತೆ ಯೋಚಿಸಿ. ಇದರಲ್ಲಿ ಯಾರು ಸರಿ ಅಂತ ಇವತ್ತಿಗೂ ತೀರ್ಪು ಕೊಡೋಕಾಗಲ್ಲ.

ವಿಚಿತ್ರ ಅಂದ್ರೆ ಮೈದಾನದ ಒಳಗೆ ತಂಡ ಚೆನ್ನಾಗೇ ಆಡ್ತಿತ್ತು. 1986ರಲ್ಲಿ ಮೇಲಿನ ಡಿವಿಷನ್‌ಗೆ ಏರಿತು, 1990ರವರೆಗೆ ಅಲ್ಲೇ ನಿಂತಿತು. ಆದರೆ ನೋಡೋಕೆ ಬರೋವರು ಕಡಿಮೆ. ಗೆದ್ದರೂ ಹಬ್ಬ ಇಲ್ಲದ ಮನೆ ಥರ.

1988ರಲ್ಲಿ 'ವಾಯ್ಸ್ ಆಫ್ ದಿ ವ್ಯಾಲಿ' ಅನ್ನೋ ಸಣ್ಣ ಪತ್ರಿಕೆ ಶುರುವಾಯ್ತು. ಅಭಿಮಾನಿಗಳೇ ಬರೆದು, ಅಚ್ಚು ಹಾಕಿಸಿ, ಮೈದಾನದ ಹೊರಗೆ ನಿಂತು ಮಾರ್ತಿದ್ದ ಪತ್ರಿಕೆ. ಇದರಿಂದ ಏನಾಯ್ತು ಅಂದ್ರೆ, ಮನೆಮನೆಯಲ್ಲಿ ಗೊಣಗ್ತಾ ಇದ್ದವರಿಗೆಲ್ಲ ತಾವು ಒಂಟಿ ಅಲ್ಲ ಅಂತ ಗೊತ್ತಾಯ್ತು. ಅದೇ ಹೊತ್ತಿಗೆ ಕ್ಲಬ್ಬಿನ ಮುಂದಾಳತ್ವ ಬದಲಾಗಿತ್ತು. ರೋಜರ್ ಆಲ್ವಿನ್ ಮತ್ತು ಮೈಕ್ ನಾರಿಸ್ ಅನ್ನೋವರು ವ್ಯಾಲಿಯ ನೆಲವನ್ನ ಮತ್ತೆ ಕ್ಲಬ್ ಕಡೆಗೆ ತಂದರು. 1989ರ ಮಾರ್ಚ್‌ನಲ್ಲಿ ವುಲಿಚ್ ಟೌನ್ ಹಾಲಿನಲ್ಲಿ ಸಭೆ ಕರೆದು ಹೇಳಿದರು: ನಾವು ಮನೆಗೆ ಹೋಗ್ತಿದ್ದೀವಿ.

ಏಪ್ರಿಲ್ ಮೊದಲ ವಾರ ಸಾವಿರಾರು ಜನ ಕುಡುಗೋಲು, ಸಲಿಕೆ, ಪೊರಕೆ ತಗೊಂಡು ವ್ಯಾಲಿಗೆ ಬಂದರು. ಮೂರೂವರೆ ವರ್ಷದಲ್ಲಿ ಮೆಟ್ಟಿಲುಗಳ ಸಂದಿಯಲ್ಲಿ ಗಿಡ ಬೆಳೆದು ಪೊದೆ ಆಗಿತ್ತು. ಎಲ್ಲ ಕಡಿದು, ಮೈದಾನದ ಮಧ್ಯೆ ರಾಶಿ ಹಾಕಿ ಬೆಂಕಿ ಕೊಟ್ಟರು. 1919ರಲ್ಲಿ ಅವರ ತಾತಂದಿರು ಮಾಡಿದ ಕೆಲಸವನ್ನೇ ಇವರು ಮತ್ತೆ ಮಾಡಿದರು.

ಇಲ್ಲಿಗೆ ಕಥೆ ಮುಗಿದಿದ್ರೆ ಸಿನಿಮಾ ಆಗ್ತಿತ್ತು. ಆದರೆ ಮೈದಾನ ಮತ್ತೆ ಕಟ್ಟೋಕೆ ಗ್ರೀನಿಚ್ ಕೌನ್ಸಿಲ್‌ನ ಅನುಮತಿ ಬೇಕು. ಕೌನ್ಸಿಲ್ ಅಂದ್ರೆ ನಮ್ಮ ನಗರಪಾಲಿಕೆ ಥರ. ಕ್ಲಬ್ ಕೊಟ್ಟ ನಕ್ಷೆಯಲ್ಲಿ ಕ್ರೀಡಾಂಗಣದ ಜೊತೆ ಖರ್ಚು ಸರಿದೂಗಿಸೋಕೆ ವಾಣಿಜ್ಯ ಕಟ್ಟಡಗಳೂ ಇದ್ದವು. ಸುತ್ತ ವಾಸದ ಮನೆಗಳು. ಮ್ಯಾಚ್ ದಿನ ವಾಹನ ಎಲ್ಲಿ ನಿಲ್ಲಿಸ್ತಾರೆ, ಗದ್ದಲ ಎಷ್ಟಾಗುತ್ತೆ ಅನ್ನೋ ಅಕ್ಕಪಕ್ಕದವರ ಆತಂಕವನ್ನೂ ತಳ್ಳಿಹಾಕೋ ಹಾಗಿಲ್ಲ. 1990ರ ಜನವರಿ ಕೊನೆಯಲ್ಲಿ ಕೌನ್ಸಿಲ್ಲಿನ ಯೋಜನಾ ಸಮಿತಿ ನಕ್ಷೆಯನ್ನ ತಿರಸ್ಕರಿಸಿತು.

ಅದೇ ಜನವರಿಯಲ್ಲಿ ಟೇಲರ್ ವರದಿಯೂ ಬಂದಿತ್ತು. ಹಿಂದಿನ ವರ್ಷ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಲ್ಲಿ ಪೆಟ್ಟಾಗಿ ಒಟ್ಟು 97 ಜನ ಪ್ರಾಣ ಬಿಟ್ಟಿದ್ರು. ದೊಡ್ಡ ಕ್ಲಬ್‌ಗಳ ಮೈದಾನದಲ್ಲಿ ಎಲ್ಲರಿಗೂ ಕುರ್ಚಿ ಇರಬೇಕು ಅಂತ ವರದಿ ಹೇಳಿತು. ಹಳೇ ವ್ಯಾಲಿ ಹಳೇ ರೂಪದಲ್ಲಿ ಮತ್ತೆ ಬರೋ ದಾರಿ ಅಲ್ಲಿಗೆ ಮುಚ್ಚಿತು. ಇನ್ನು ಬಂದರೆ ಹೊಸ ವ್ಯಾಲಿ, ಅದಕ್ಕೆ ಕೌನ್ಸಿಲ್ಲಿನ ಸಹಿ ಬೇಕೇ ಬೇಕು.

ನಿಮ್ಮ ಪ್ರಕಾರ ಇಂಥ ಸಮಯದಲ್ಲಿ ಅಭಿಮಾನಿಗಳು ಏನು ಮಾಡಬಹುದು? ಧರಣಿ, ಸಹಿ ಸಂಗ್ರಹ, ಇವತ್ತಾದ್ರೆ ಹ್ಯಾಶ್‌ಟ್ಯಾಗ್. ಇವರು ಮಾಡಿದ್ದೇ ಬೇರೆ. ಮೇ 3ಕ್ಕೆ ಕೌನ್ಸಿಲ್ ಚುನಾವಣೆ ಇತ್ತು. ಅಭಿಮಾನಿಗಳು ಒಂದು ರಾಜಕೀಯ ಪಕ್ಷವನ್ನೇ ಕಟ್ಟಿದರು. ಹೆಸರು 'ವ್ಯಾಲಿ ಪಾರ್ಟಿ'. ಪ್ರಣಾಳಿಕೆಯಲ್ಲಿ ಒಂದೇ ವಿಷಯ: ಚಾರ್ಲ್ಟನ್ ಮನೆಗೆ ಬರಬೇಕು.

ಒಟ್ಟು 62 ಸ್ಥಾನ. ಇವರು ನಿಂತಿದ್ದು 60ರಲ್ಲಿ. ಬಿಟ್ಟ ಎರಡು ಸ್ಥಾನಗಳಲ್ಲಿ ಕ್ಲಬ್ ಪರ ಇದ್ದ ಕೌನ್ಸಿಲರ್‌ಗಳಿದ್ರು, ಅವರಿಗೆ ತೊಂದರೆ ಕೊಡಲಿಲ್ಲ. ನೋಡಿ, ಸಿಟ್ಟಿನಲ್ಲೂ ಲೆಕ್ಕ ತಪ್ಪಿರಲಿಲ್ಲ. ಜಾಹೀರಾತು ಕ್ಷೇತ್ರದಲ್ಲಿದ್ದ ಒಬ್ಬ ಅಭಿಮಾನಿ ತನ್ನ ಕಸುಬನ್ನ ಪ್ರಚಾರಕ್ಕೆ ಕೊಟ್ಟ. ಗ್ರೀನಿಚ್ ತುಂಬ ದೊಡ್ಡ ದೊಡ್ಡ ಪೋಸ್ಟರ್‌ಗಳು ಎದ್ದವು. ರಾಜಕೀಯದ ಗಂಧ ಗಾಳಿ ಇಲ್ಲದ ಜನ ಬಾಗಿಲು ಬಾಗಿಲು ತಟ್ಟಿ ಓಟು ಕೇಳಿದರು.

ಫಲಿತಾಂಶ? ಒಂದು ಸೀಟೂ ಬರಲಿಲ್ಲ. ಆದರೆ ಬಿದ್ದ ಓಟು 14,838. ಒಟ್ಟು ಮತಗಳಲ್ಲಿ 10.9 ಪರ್ಸೆಂಟ್. ನಕ್ಷೆ ತಿರಸ್ಕರಿಸಿದ ಸಮಿತಿಯ ಅಧ್ಯಕ್ಷರು ತಮ್ಮ ಸ್ಥಾನವನ್ನೇ ಕಳ್ಕೊಂಡರು. ಲೇಬರ್ ಪಕ್ಷ ಅಧಿಕಾರದಲ್ಲಿ ಉಳೀತು ನಿಜ, ಆದರೆ ಹತ್ತರಲ್ಲಿ ಒಂದು ಓಟು ಬರೀ ಒಂದು ಫುಟ್‌ಬಾಲ್ ಮೈದಾನಕ್ಕೆ ಬಿದ್ದಿದೆ ಅನ್ನೋದನ್ನ ಯಾವ ರಾಜಕಾರಣಿ ಮರೀತಾನೆ ಹೇಳಿ? ಮಾತುಕತೆ ಮತ್ತೆ ಶುರುವಾಯ್ತು. 1991ರಲ್ಲಿ ತಿದ್ದಿದ ನಕ್ಷೆಗೆ ಅನುಮತಿ ಸಿಕ್ತು.

ಅನುಮತಿ ಸಿಕ್ಕ ಮೇಲೂ ದುಡ್ಡಿಲ್ಲ. ಕ್ಲಬ್ ಸೆಲ್‌ಹರ್ಸ್ಟ್ ಬಿಟ್ಟು ವೆಸ್ಟ್ ಹ್ಯಾಮ್‌ನ ಅಪ್ಟನ್ ಪಾರ್ಕಿನಲ್ಲಿ ಇನ್ನೊಂದು ಬಾಡಿಗೆ ಮನೆ ಹಿಡೀತು. 'ವ್ಯಾಲಿ ಇನ್ವೆಸ್ಟ್‌ಮೆಂಟ್ ಪ್ಲಾನ್' ಅನ್ನೋ ಯೋಜನೆಯಲ್ಲಿ ಅಭಿಮಾನಿಗಳೇ ದುಡ್ಡು ಹಾಕಿದರು. ಅದರ ಜೊತೆಗೇ ಬಂದ ಇನ್ನೊಂದು ಬದಲಾವಣೆ: ಅಭಿಮಾನಿಗಳು ಓಟು ಹಾಕಿ ಆರಿಸಿದ ಒಬ್ಬರು ಕ್ಲಬ್ಬಿನ ನಿರ್ದೇಶಕ ಮಂಡಳಿಯಲ್ಲಿ ಕೂತರು. ಚೀಟಿ ಹಂಚಿ ಕಳಿಸಿದ್ದ ಕ್ಲಬ್ ಈಗ ಕುರ್ಚಿ ಕೊಟ್ಟಿತು.

1992ರ ಡಿಸೆಂಬರ್ 5. ವ್ಯಾಲಿಗೆ ವಾಪಸ್. ಎದುರಾಳಿ ಪೋರ್ಟ್ಸ್‌ಮತ್. ಮ್ಯಾಚ್ ಶುರುವಾಗಿ ಏಳನೇ ನಿಮಿಷದಲ್ಲಿ ಕಾಲಿನ್ ವಾಲ್ಷ್ ಗೋಲು ಹೊಡೆದ. ಅದೊಂದೇ ಗೋಲು, 1-0. ಅವತ್ತು ಬಂದವರು 8,337 ಜನ. 75 ಸಾವಿರ ಜನ ನಿಂತಿದ್ದ ಜಾಗದಲ್ಲಿ ಎಂಟು ಸಾವಿರ. ಎಲ್ಲ ಸ್ಟ್ಯಾಂಡ್‌ಗಳೂ ಮುಗಿದಿರಲಿಲ್ಲ. ಆದರೂ ಅಳದೇ ಇದ್ದವರು ಕಡಿಮೆ ಅಂತಾರೆ. ಆರು ವರ್ಷದಲ್ಲಿ, 1998ರಲ್ಲಿ, ಇದೇ ಕ್ಲಬ್ ಪ್ರೀಮಿಯರ್ ಲೀಗ್ ತಲುಪಿತು.

ಈಗ ಒಂದು ಸಣ್ಣ ತಿರುವು. 1991ರಲ್ಲಿ ಚಾರ್ಲ್ಟನ್ ಖಾಲಿ ಮಾಡಿದ ಸೆಲ್‌ಹರ್ಸ್ಟ್‌ನ ಬಾಡಿಗೆ ಮನೆಗೆ ಮುಂದಿನ ಬಾಡಿಗೆದಾರರಾಗಿ ಬಂದಿದ್ದು ಯಾರು ಗೊತ್ತಾ? ವಿಂಬಲ್ಡನ್ ಎಫ್‌ಸಿ. ಅವರೂ ತಮ್ಮ ಪ್ಲೌ ಲೇನ್ ಮೈದಾನ ಬಿಟ್ಟು ಬಂದಿದ್ರು. ಆದರೆ ಅವರ ಹಳೇ ನೆಲ 1998ರಲ್ಲಿ ಸೂಪರ್‌ಮಾರ್ಕೆಟ್ ಕಂಪನಿಗೆ ಮಾರಾಟ ಆಯ್ತು. ವಾಪಸ್ ಹೋಗೋಕೆ ಮನೆಯೇ ಇಲ್ಲ. 2002ರ ಮೇನಲ್ಲಿ ಮೂರು ಜನರ ಆಯೋಗ 2-1ರ ತೀರ್ಮಾನದಲ್ಲಿ ಕ್ಲಬ್ಬನ್ನ ಬೇರೆ ಊರಿಗೇ, ಮಿಲ್ಟನ್ ಕೀನ್ಸ್‌ಗೆ, ಕಳಿಸೋಕೆ ಒಪ್ಪಿತು. ಅಭಿಮಾನಿಗಳು ಎಎಫ್‌ಸಿ ವಿಂಬಲ್ಡನ್ ಅನ್ನೋ ಹೊಸ ಕ್ಲಬ್ ಕಟ್ಟಿ, ಒಂಬತ್ತನೇ ಹಂತದ ಲೀಗಿನಿಂದ ಮೇಲೆ ಹತ್ತಿ, 2020ರ ನವೆಂಬರ್‌ನಲ್ಲಿ ಪ್ಲೌ ಲೇನ್‌ಗೆ ಮರಳಿದರು. ಕೋವಿಡ್ ಕಾಲ, ಸ್ಟ್ಯಾಂಡ್ ಖಾಲಿ ಖಾಲಿ. ಅವರ ದಾರಿ 29 ವರ್ಷದ್ದು, ಚಾರ್ಲ್ಟನ್‌ನದ್ದು ಏಳು.

ಎರಡೂ ಕಡೆ ಪ್ರೀತಿಗೆ ಬರ ಇರಲಿಲ್ಲ. ವ್ಯತ್ಯಾಸ ಮಾಡಿದ್ದು ನೆಲ. ವ್ಯಾಲಿ ಪೊದೆ ಬೆಳ್ಕೊಂಡಾದರೂ ಅಲ್ಲೇ ಇತ್ತು, ಅದರ ಮೇಲೆ ಬೇರೆ ಏನೂ ಎದ್ದಿರಲಿಲ್ಲ. ಅದಕ್ಕೇ ಅಲ್ಲಿಯ ಓಟಿಗೆ ಬೆಲೆ ಬಂತು. ಮೈದಾನ ಹಳೇದಾಗಿದೆ, ರಿಪೇರಿನಾ ಹೊಸ ಜಾಗನಾ ಅನ್ನೋ ವಾದ ಎಲ್ಲೇ ನಡೀಲಿ, ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಸೀಟು ಅಂತಲ್ಲ. ಈ ನೆಲ ಯಾರ ಹೆಸರಲ್ಲಿದೆ, ಸಹಿ ಹಾಕೋವರು ಯಾರು, ಅವರನ್ನ ಆರಿಸೋವರು ಯಾರು ಅಂತ.

ನೆನಪಿಟ್ಕೊಳ್ಳಿ ಅಂದಿದ್ದೆ ಅಲ್ವಾ? 2020ರಲ್ಲಿ ಚಾರ್ಲ್ಟನ್ ಕ್ಲಬ್ ಮತ್ತೆ ಕೈ ಬದಲಾಯಿಸಿತು. ಮಾರಿದ್ದು ಕ್ಲಬ್ ಮಾತ್ರ. ವ್ಯಾಲಿಯ ನೆಲ ಮತ್ತೆ ಹಳೇ ಮಾಲೀಕರ ಹತ್ತಿರವೇ ಉಳೀತು. 1984ರ ಹಾಗೇ. ಅಲ್ಲಿನ ಹಿರಿಯ ಅಭಿಮಾನಿಗಳು ಆ ಸುದ್ದಿ ಓದಿದಾಗ ಯಾಕೆ ಬೆಚ್ಚಿಬಿದ್ದರು ಅಂತ ಈಗ ನಿಮಗೆ ಗೊತ್ತಿದೆ.