ಮುಕ್ಕಾಲು ಇಂಚಿನ ಅಂತರ

ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ, ಚೆನ್ನೈನ ರಿಚ್ಚಿ ಸ್ಟ್ರೀಟಿನಲ್ಲಾಗಲಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ, ಬೆಂಚ್ ಪವರ್ ಸಪ್ಲೈಗೆ ಲೀಡ್ ಕೇಳಿದರೆ ಅಂಗಡಿಯವರು ಒಂದು ಪುಟ್ಟ ಪ್ಲಾಸ್ಟಿಕ್ ಕವರನ್ನು ಮುಂದಿಡುತ್ತಾರೆ. ಒಂದು ಕೆಂಪು ವೈರು, ಒಂದು ಕಪ್ಪು. ಒಂದು ತುದಿಗೆ ಬನಾನಾ ಪಿನ್, ಇನ್ನೊಂದು ತುದಿಗೆ ಕ್ರೊಕೊಡೈಲ್ ಕ್ಲಿಪ್. ಬಾಳೆಹಣ್ಣೂ ಮೊಸಳೆಯೂ ಒಂದೇ ತಂತಿಗೆ ಬಂದು ಸೇರಿ ನೂರು ವರ್ಷವಾಗಿದೆ.

ಮೊದಲು ಬಂದದ್ದು ಮೊಸಳೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರಾಲ್ಫ್ ಮುಲ್ಲರ್ 1908ರಲ್ಲಿ ಆರಂಭಿಸಿದ ಕಂಪನಿ ಸ್ಪ್ರಿಂಗಿನ ಈ ಹಲ್ಲುಕ್ಲಿಪ್ಪಿನಿಂದಲೇ ಹೆಸರಾಯಿತು. ಅಮೆರಿಕನ್ನರಿಗೆ ಅದು ಅಲಿಗೇಟರ್, ಬ್ರಿಟಿಷರಿಗೆ ಕ್ರೊಕೊಡೈಲ್. ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ ಉಳಿದದ್ದು ಎರಡನೆಯದು. ಪ್ರಾಣಿಯ ಆಯ್ಕೆಯಲ್ಲೂ ನಾವು ವಸಾಹತಿನ ಶಿಷ್ಯರು.

ಬನಾನಾ ಪಿನ್ ರೇಡಿಯೊದ ಕೂಸು. 1920ರ ದಶಕದ ರೇಡಿಯೊ ಸೆಟ್ಟಿಗೆ ಎರಡು ಬಗೆಯ ಬ್ಯಾಟರಿ ಬೇಕಿತ್ತು: ವಾಲ್ವಿನ ಫಿಲಮೆಂಟ್ ಕಾಯಿಸಲು ಕೆಲವೇ ವೋಲ್ಟಿನದು, ಪ್ಲೇಟಿಗೆ 45 ಅಥವಾ 90 ವೋಲ್ಟಿನದು. ಒಂದರ ವೈರು ಇನ್ನೊಂದಕ್ಕೆ ಹೋಯಿತೋ, ದುಬಾರಿ ವಾಲ್ವುಗಳು ಕ್ಷಣದಲ್ಲಿ ಸುಟ್ಟುಹೋಗುತ್ತಿದ್ದವು. ಪ್ರತಿ ಸಲ ಸ್ಕ್ರೂ ಸಡಿಲಿಸಿ ಬಿಗಿಯುವ ರಗಳೆ ಬೇರೆ. ಉಬ್ಬಿದ ಸ್ಪ್ರಿಂಗ್ ಎಲೆಗಳುಳ್ಳ, ಒತ್ತಿದರೆ ಕೂರುವ, ಎಳೆದರೆ ಬರುವ ಪಿನ್ ಹುಟ್ಟಿದ್ದು ಈ ಕಾಲದಲ್ಲಿ. ಹುಟ್ಟಿಸಿದವರು ಯಾರೆಂಬುದಕ್ಕೆ ಎರಡು ವಾದಗಳಿವೆ, ತಮಾಷೆಯೆಂದರೆ ಎರಡಕ್ಕೂ ಇಸವಿ 1924. ಜರ್ಮನಿಯ ಎಸ್ಲಿಂಗನ್ನಿನ ರಿಚರ್ಡ್ ಹಿರ್ಷ್‌ಮನ್ ಅದರ ಜನಕ ಎಂದು ಅವರ ಕಂಪನಿ ಹೇಳುತ್ತದೆ. ಅಮೆರಿಕಕ್ಕೆ ಅದನ್ನು ತಂದದ್ದು ತಾನು ಎಂಬುದು ಮೆಸಾಚುಸೆಟ್ಸಿನ ಜನರಲ್ ರೇಡಿಯೊ ಕಂಪನಿಯ ಹೆಮ್ಮೆ.

ಜನರಲ್ ರೇಡಿಯೊ ಬಿಟ್ಟುಹೋದ ದೊಡ್ಡ ಗುರುತು ಪಿನ್ನಲ್ಲ, ಒಂದು ಅಳತೆ. ಜೋಡಿ ಪಿನ್ನುಗಳ ನಡುವೆ ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ಇವತ್ತಿಗೂ ಲ್ಯಾಬ್ ಉಪಕರಣಗಳ ಮುಖದ ಮೇಲೆ ಕಾಣುವುದು ಇದೇ ಅಂತರ. ತೊಂದರೆಯೇನೆಂದರೆ, ಯುರೋಪಿನ ಗೋಡೆಯ ಸಾಕೆಟ್ಟಿನ ಎರಡು ತೂತುಗಳ ಅಂತರವೂ 19 ಮಿ.ಮೀ. ನಮ್ಮ ಮನೆಗಳ ಮೂರು ಪಿನ್ನಿನ ಸಣ್ಣ ಪ್ಲಗ್ಗಿನಲ್ಲೂ ಫೇಸ್ ಮತ್ತು ನ್ಯೂಟ್ರಲ್ ನಡುವೆ ಅದೇ ಮುಕ್ಕಾಲು ಇಂಚು. ಬ್ರಿಟಿಷರ ಹಳೆಯ 5 ಆಂಪಿಯರ್ ಪ್ಲಗ್ಗಿನಿಂದ ಬಂದ ಬಳುವಳಿ. ಐದು ಮಿ.ಮೀ. ದಪ್ಪದ ಪಿನ್ನಿಗೆಂದು ಮಾಡಿದ, ಷಟರ್ ಇಲ್ಲದ ತೂತಿನೊಳಗೆ ನಾಲ್ಕು ಮಿ.ಮೀ. ಬನಾನಾ ಪಿನ್ ಸಲೀಸಾಗಿ ಇಳಿಯುತ್ತದೆ. ಹನ್ನೆರಡು ವೋಲ್ಟಿನ ಸಪ್ಲೈಗೆಂದು ಮಾಡಿದ ಲೀಡನ್ನು ಅವಸರದಲ್ಲಿ ಗೋಡೆಗೆ ಚುಚ್ಚಿದರೆ, ಇನ್ನೊಂದು ತುದಿಯ ಮೊಸಳೆಯ ಬಾಯಲ್ಲಿ 230 ವೋಲ್ಟ್. ಹಿಡಿದವರ ಕೈಗೂ ಅದಕ್ಕೂ ನಡುವೆ ಏನೂ ಇರುವುದಿಲ್ಲ.

ಪಿನ್ನಿನ ಸುತ್ತ ಪ್ಲಾಸ್ಟಿಕ್ ಕವಚ ಬಂದದ್ದು ಇಂಥ ಅಪಾಯಗಳಿಂದಲೇ. ಕವಚವಿದ್ದರೆ ಪಿನ್ ಗೋಡೆಯ ತೂತಿಗೆ ಹೋಗದು, ಅರ್ಧ ಹೊರಬಂದಾಗ ಬೆರಳಿಗೆ ಲೋಹ ತಾಗದು. ಪರೀಕ್ಷೆಯ ಪ್ರೋಬ್‌ಗಳಿಗಾಗಿ ಐಇಸಿ 61010-031 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ.

ಕವಚದಂತೆ ಕಣ್ಣಿಗೆ ಬೀಳದ್ದು ತಂತಿಯ ದಪ್ಪ. ಅಂಗಡಿಯ ಭಾಷೆಯಲ್ಲಿ 23/36 ಎಂದರೆ 36ನೇ ಗೇಜಿನ 23 ಎಳೆಗಳು. ಅಂಥ ವೈರಿನ ಒಂದೊಂದು ಮೀಟರಿನ ಎರಡು ಲೀಡುಗಳಲ್ಲಿ 3 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 0.15 ವೋಲ್ಟ್ ಕಳೆದುಹೋಗುತ್ತದೆ. ಸಪ್ಲೈ 5 ವೋಲ್ಟ್ ಎಂದು ತೋರಿಸುತ್ತಿರುತ್ತದೆ, ಬೋರ್ಡಿಗೆ ತಲುಪುವುದು 4.85. ಸುಂಕ ಕಟ್ಟದೆ ದಾಟುವಂತಿಲ್ಲ. 40/36 ತೆಗೆದುಕೊಂಡರೆ ನಷ್ಟ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇದೇ ರೋಗಕ್ಕೆ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, 1860ರ ದಶಕದಲ್ಲೇ ಮದ್ದು ತೋರಿಸಿದ್ದರು: ಪ್ರವಾಹ ಒಯ್ಯಲು ಒಂದು ಜೋಡಿ, ಅಳೆಯಲು ಇನ್ನೊಂದು ಜೋಡಿ. ದುಬಾರಿ ಸಪ್ಲೈಗಳ ಮುಖದ ಮೇಲೆ ‘ಸೆನ್ಸ್’ ಎಂದು ಬರೆದ ಆ ಎರಡು ಹೆಚ್ಚುವರಿ ತೂತುಗಳು ಅದಕ್ಕೇ.

ಹೊದಿಕೆಯಾಗಿ ಸಿಲಿಕೋನ್ ಒಳ್ಳೆಯದು. ಸೋಲ್ಡರಿಂಗ್ ಐರನ್ ತಾಗಿದರೆ ಪಿವಿಸಿಯಂತೆ ಕರಗುವುದಿಲ್ಲ, ಮೇಜಿನ ಮೇಲೆ ಸೆಟೆದು ನಿಲ್ಲುವುದೂ ಇಲ್ಲ.

ಕವಚದ ಪಿನ್ನಿಗೆ ಒಂದು ಪೇಚಾಟ ಉಳಿದೇ ಇದೆ. ಹಳೆಯ ಸಪ್ಲೈಗಳ ಬೈಂಡಿಂಗ್ ಪೋಸ್ಟಿನೊಳಗೆ ಅದು ಕೂರುವುದಿಲ್ಲ. ಕವಚ ಅಡ್ಡ ಬರುತ್ತದೆ. ಒತ್ತಿದಾಗ ಹಿಂದೆ ಸರಿಯುವ ಕವಚದ ಪಿನ್ನುಗಳೂ ಇವೆ, ಬೆಲೆ ಜಾಸ್ತಿ. ಹಾಗಾಗಿ ಹಳೆಯ ಲ್ಯಾಬುಗಳಲ್ಲಿ ಚಾಕುವಿನಿಂದ ಕವಚ ಕತ್ತರಿಸಿದ ಪಿನ್ನುಗಳು ಈಗಲೂ ಕಾಣಸಿಗುತ್ತವೆ.