ಸ್ಟಾರ್ಟರ್ ಪಿನಿಯನ್ ದೋಷ
ಲಾರಿಯ ಸ್ಟಾರ್ಟರ್ ಮೋಟಾರು (ವಾಡಿಕೆಯಲ್ಲಿ 'ಸೆಲ್ಫ್') ತಿರುಗಿದರೂ ಎಂಜಿನ್ ತಿರುಗದಿರುವ ಸ್ಥಿತಿಯನ್ನು ಪಿನಿಯನ್ ದೋಷ ಎನ್ನಬಹುದು. ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವು ಫ್ಲೈವ್ಹೀಲಿನ ರಿಂಗ್ ಗೇರನ್ನು ಕಚ್ಚದಿರುವುದು ಅಥವಾ ಕಚ್ಚಿಯೂ ಕ್ಲಚ್ ಜಾರುವುದು ಇದಕ್ಕೆ ಕಾರಣ.

ಸಾಮಾನ್ಯ ವಿನ್ಯಾಸದಲ್ಲಿ ಸೊಲೆನಾಯ್ಡ್ ಮೊದಲು ಪಿನಿಯನ್ನನ್ನು ಮುಂದೆ ತಳ್ಳಿ, ಬಳಿಕ ಮೋಟಾರಿಗೆ ವಿದ್ಯುತ್ ಹರಿಸುತ್ತದೆ. ಆದ್ದರಿಂದ ಮೋಟಾರು ವೇಗವಾಗಿ ತಿರುಗುತ್ತಿದ್ದರೆ ಬ್ಯಾಟರಿಗಿಂತ ಮೊದಲು ಫೋರ್ಕ್, ಏಕಮುಖ ಕ್ಲಚ್ ಹಾಗೂ ಹಲ್ಲುಗಳನ್ನು ಪರೀಕ್ಷಿಸಬೇಕು. ಕ್ರ್ಯಾಂಕ್‌ಶಾಫ್ಟನ್ನು ಕೈಯಿಂದ ತುಸು ತಿರುಗಿಸಿದ ಮೇಲೆ ಪಿನಿಯನ್ ಕಚ್ಚಿಕೊಂಡರೆ, ರಿಂಗ್ ಗೇರಿನ ಹಲ್ಲುಗಳು ಒಂದೆಡೆ ಸವೆದಿರುವ ಸಂಭವ ಹೆಚ್ಚು.

ಬೆಳಗಾವಿ–ಖಾನಾಪುರ–ಅನಮೋಡ ಮಾರ್ಗದ (ರಾಷ್ಟ್ರೀಯ ಹೆದ್ದಾರಿ 748) ಘಟ್ಟದ ಇಳಿಜಾರಿನಲ್ಲಿ ಲಾರಿಯನ್ನು ಉರುಳಿಸಿ ಚಾಲೂ ಮಾಡುವುದು ಅಪಾಯಕಾರಿ. ಎಂಜಿನ್ ನಿಂತಿರುವಾಗ ಕಂಪ್ರೆಸರ್ ಬ್ರೇಕಿಗೆ ಗಾಳಿ ತುಂಬುವುದಿಲ್ಲ. ಚಕ್ರಗಳಿಗೆ ಅಡ್ಡಗಲ್ಲು ಇಟ್ಟು, ಬ್ಯಾಟರಿಯ ಋಣ ತಂತಿ ಕಳಚಿದ ನಂತರವೇ ಸ್ಟಾರ್ಟರನ್ನು ಬಿಚ್ಚಬೇಕು.