ತೆರೆಯ ಮೇಲೆ ಅಣು ಕಟ್ಟುವಾಗ ಸಾಫ್ಟ್‌ವೇರ್ ಎಲ್ಲ ತಪ್ಪನ್ನೂ ತಿದ್ದುತ್ತದೆಯೇ?

ಪಠ್ಯಪುಸ್ತಕದಲ್ಲಿ ಚಪ್ಪಟೆಯಾಗಿ ಕಾಣುವ ಅಣುಗಳನ್ನು ಮೂರು ಆಯಾಮಗಳಲ್ಲಿ ಕಟ್ಟಿ, ತಿರುಗಿಸಿ, ಎಳೆದಾಡಿ ನೋಡಲು ಹಲವು ತಂತ್ರಾಂಶಗಳಿವೆ. ಉಚಿತವಾಗಿ ಸಿಗುವ ‘ಅವೊಗಾಡ್ರೊ’ ಅವುಗಳಲ್ಲೊಂದು. ಇದನ್ನು ಬಳಸುವ ವಿದ್ಯಾರ್ಥಿಗಳಲ್ಲಿ ಒಂದು ನಂಬಿಕೆ ಇದೆ: ನಾವು ಹೇಗೆ ಗೀಚಿದರೂ ಸಾಫ್ಟ್‌ವೇರ್ ಸರಿಮಾಡಿಕೊಡುತ್ತದೆ. ಇದು ಅರ್ಧ ಮಾತ್ರ ನಿಜ.

ಮೊದಲು ನಿಜವಾದ ಅರ್ಧ ನೋಡೋಣ. ಚಿತ್ರ ಬರೆಯುವ ಸಾಧನ ಆರಿಸಿ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ಕಿಸಿದರೆ ಒಂದು ಇಂಗಾಲ ಕೂರುತ್ತದೆ, ಅದರ ಸುತ್ತ ನಾಲ್ಕು ಜಲಜನಕಗಳು ತಾವಾಗಿಯೇ ಬರುತ್ತವೆ. ಅಲ್ಲಿಗೆ ಮೀಥೇನ್ ಸಿದ್ಧ. ಇಂಗಾಲದಿಂದ ಮೌಸ್ ಎಳೆದರೆ ಇನ್ನೊಂದು ಪರಮಾಣು ಸೇರಿಕೊಳ್ಳುತ್ತದೆ. ಬಂಧದ ಮೇಲೆ ಕ್ಲಿಕ್ಕಿಸಿದರೆ ಏಕಬಂಧ ದ್ವಿಬಂಧವಾಗುತ್ತದೆ, ಜಲಜನಕಗಳ ಲೆಕ್ಕವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಬಲ ಗುಂಡಿ ಒತ್ತಿದರೆ ಪರಮಾಣು ಅಳಿಯುತ್ತದೆ.

ಗೀಚಿದ ಅಣು ಸೊಟ್ಟಗಿರುವುದು ಸಹಜ. ಆಗ ‘ಆಟೋ ಆಪ್ಟಿಮೈಸ್’ ಚಾಲೂ ಮಾಡುತ್ತೇವೆ. ಇದು ಬಂಧಗಳನ್ನು ಹೆಚ್ಚುಕಡಿಮೆ ಸ್ಪ್ರಿಂಗುಗಳೆಂದು ಭಾವಿಸಿ, ಪ್ರತಿಯೊಂದಕ್ಕೂ ಒಗ್ಗುವ ಉದ್ದ, ಕೋನಗಳತ್ತ ಪರಮಾಣುಗಳನ್ನು ಸರಿಸುತ್ತಾ ಹೋಗುತ್ತದೆ. ಈ ಲೆಕ್ಕಾಚಾರಕ್ಕೆ ಫೋರ್ಸ್ ಫೀಲ್ಡ್ ಎಂದು ಹೆಸರು. ಅದು ಓಡುತ್ತಿರುವಾಗಲೇ ಒಂದು ಪರಮಾಣುವನ್ನು ಹಿಡಿದೆಳೆದರೆ ಉಳಿದವು ಹಿಂದೆ ಬರುತ್ತವೆ, ಬಿಟ್ಟರೆ ವಾಪಸ್ ಜಿಗಿಯುತ್ತವೆ. ನೋಡಲು ಮಜವಾಗಿರುತ್ತದೆ. ಆದರೆ ಇದನ್ನು ರಾಸಾಯನಿಕ ಕ್ರಿಯೆ ಎಂದುಕೊಳ್ಳಬಾರದು: ಇಂಥ ಸ್ಪ್ರಿಂಗುಗಳಿಗೆ ಮುರಿಯುವುದೇ ಗೊತ್ತಿಲ್ಲ.

ಕೆಲಸ ಮುಗಿದ ಮೇಲೆ ಅಳತೆಯ ಸಾಧನದಿಂದ ಪರೀಕ್ಷಿಸಿ. ನೀರಿನಲ್ಲಿ ಕೋನ ಸುಮಾರು 104.5 ಡಿಗ್ರಿ ಇರಬೇಕು. ಇಂಗಾಲಗಳ ನಡುವಿನ ಏಕಬಂಧ ಸುಮಾರು 1.54, ದ್ವಿಬಂಧ 1.34 ಆಂಗ್‌ಸ್ಟ್ರಾಂ. ಸಂಖ್ಯೆ ತೀರಾ ಬೇರೆ ಬಂದರೆ ಎಲ್ಲೋ ಎಡವಿದ್ದೇವೆ ಎಂದರ್ಥ.

ಈಗ ಸುಳ್ಳಾದ ಅರ್ಧ. ಗುಡ್ಡದ ಮೇಲೆ ಬಿದ್ದ ಮಳೆನೀರು ಹತ್ತಿರದ ಗುಂಡಿಯಲ್ಲಿ ನಿಂತುಬಿಡುವಂತೆ, ಆಪ್ಟಿಮೈಸ್ ಕೂಡ ಹತ್ತಿರದ ಕಡಿಮೆ ಶಕ್ತಿಯ ಆಕಾರದಲ್ಲಿ ನಿಲ್ಲುತ್ತದೆ. ಅದೇ ಅತಿ ಕಡಿಮೆ ಎಂಬ ಖಾತರಿ ಇಲ್ಲ. ಸೈಕ್ಲೊಹೆಕ್ಸೇನ್ ಉಂಗುರವನ್ನು ದೋಣಿಯಂತೆ ಗೀಚಿದರೆ ಅದು ತಿರುಚಿದ ದೋಣಿಯಾಗಿ ನಿಲ್ಲಬಹುದು. ಕುರ್ಚಿಯ ಆಕಾರ ಅದಕ್ಕಿಂತ ಮೋಲ್‌ಗೆ ಸುಮಾರು 23 ಕಿಲೋಜೂಲ್ ಕೆಳಗಿದೆ. ಉಂಗುರದ ಒಂದು ತುದಿಯನ್ನು ಮೌಸಿನಿಂದ ಮೇಲಕ್ಕೋ ಕೆಳಕ್ಕೋ ಎಳೆದು ಮತ್ತೆ ಬಿಟ್ಟು ನೋಡಬೇಕಾದದ್ದು ನಾವೇ.

ಇದಕ್ಕಿಂತ ಅಪಾಯದ ತಪ್ಪು ಎಡ-ಬಲದ್ದು. ಕಾರ್ವೋನ್ ಎಂಬ ಅಣುವಿಗೆ ಎರಡು ರೂಪಗಳಿವೆ, ಒಂದು ಇನ್ನೊಂದರ ಕನ್ನಡಿಬಿಂಬ. ಒಂದು ಪುದೀನ ಜಾತಿಯ ಸ್ಪಿಯರ್‌ಮಿಂಟ್‌ನ ವಾಸನೆ ಕೊಡುತ್ತದೆ. ಇನ್ನೊಂದು ನಮ್ಮ ಸಬ್ಬಸಿಗೆಯ ಬೀಜದ ಎಣ್ಣೆಯಲ್ಲಿದೆ. ಇವನ್ನು ಕಟ್ಟುವಾಗ ಉಂಗುರದ ಒಂದು ಇಂಗಾಲದ ಮೇಲೆ ಎರಡು ಜಲಜನಕಗಳು ಕಾಣುತ್ತವೆ. ಅವುಗಳಲ್ಲಿ ಒಂದರ ಜಾಗದಲ್ಲಿ ಕವಲು ಗುಂಪನ್ನು ಸೇರಿಸಬೇಕು. ಈ ಕಡೆಯದನ್ನು ಬದಲಿಸಿದರೆ ಪುದೀನ, ಆ ಕಡೆಯದನ್ನು ಬದಲಿಸಿದರೆ ಸಬ್ಬಸಿಗೆ! ಆಪ್ಟಿಮೈಸ್ ಇಲ್ಲಿ ಏನೂ ಸಹಾಯ ಮಾಡದು, ಏಕೆಂದರೆ ಕನ್ನಡಿಬಿಂಬಗಳೆರಡರ ಶಕ್ತಿಯೂ ಒಂದೇ. ಬಂಧದ ಉದ್ದ, ಕೋನ ಎಲ್ಲವೂ ಸರಿಯಾಗಿಯೇ ಬರುತ್ತವೆ. ಔಷಧವೊಂದು ಪ್ರೋಟೀನಿಗೆ ಅಂಟುತ್ತದೆಯೇ ಎಂದು ಲೆಕ್ಕ ಹಾಕಲು ಹೀಗೆ ತಪ್ಪಾಗಿ ಕಟ್ಟಿದ ಅಣುವನ್ನು ಕೊಟ್ಟರೆ, ಬರುವ ಉತ್ತರ ಬೇರೊಂದು ವಸ್ತುವಿನದು. ತಿಂಗಳುಗಟ್ಟಲೆ ಮಾಡಿದ ಪ್ರಾಜೆಕ್ಟ್ ವ್ಯರ್ಥವಾಗಲು ಇಷ್ಟು ಸಾಕು.

ಹಾಗಾಗಿ ಎಡ-ಬಲದ ಭೇದವಿರುವ ಅಣುಗಳನ್ನು ಕೈಯಿಂದ ಗೀಚದಿರುವುದೇ ಒಳ್ಳೆಯದು ಎಂಬುದು ನಮ್ಮ ಸಲಹೆ. ಪಬ್‌ಕೆಮ್ ತಾಣದಿಂದ ಮೂರು ಆಯಾಮದ ಫೈಲ್ ಇಳಿಸಿಕೊಳ್ಳಬಹುದು, ಅಥವಾ ಅಣುವನ್ನು ಒಂದೇ ಸಾಲಿನಲ್ಲಿ ಬರೆಯುವ ಸ್ಮೈಲ್ಸ್ ಪಠ್ಯವನ್ನು ಅಂಟಿಸಬಹುದು. ಅದರಲ್ಲಿ ‘ಅಟ್’ ಚಿಹ್ನೆ ಒಂದಿದೆಯೋ ಎರಡಿದೆಯೋ ಗಮನಿಸಿ. ಎಡ-ಬಲದ ಮಾಹಿತಿ ಇರುವುದು ಅಲ್ಲೇ.

ಉಳಿಸುವಾಗ ಇನ್ನೊಂದು ಮಾತು. ಎಕ್ಸ್‌ವೈಜೆಡ್ ಫೈಲಿನಲ್ಲಿ ಪರಮಾಣುಗಳ ಹೆಸರು, ಜಾಗ ಮಾತ್ರ ಇರುತ್ತವೆ, ಬಂಧಗಳಿರುವುದಿಲ್ಲ. ಮತ್ತೆ ತೆರೆದಾಗ ಸಾಫ್ಟ್‌ವೇರ್ ದೂರ ನೋಡಿ ಬಂಧಗಳನ್ನು ಊಹಿಸುತ್ತದೆ. ನೀವು ಕಷ್ಟಪಟ್ಟು ಹಾಕಿದ ದ್ವಿಬಂಧ ಬೇಕೆಂದರೆ ಎಸ್‌ಡಿಎಫ್ ಅಥವಾ ಸಿಎಂಎಲ್ ರೂಪದಲ್ಲಿ ಉಳಿಸಿ.